ಪಾಳಿ

ದ್ವೀಪದ ಮಗ್ಗುಲು ಬಳಸಿ ಉತ್ತರಕ್ಕೆ ಹೊರಳಿದ್ದೇ ತಡ
ಗಾಳಿಗೆ ವಾಸನೆ ಬಂತು.
ಹದಿನೆಂಟು ದಿನ ಬರೀ ಉಪ್ಪು ಹೊತ್ತು ತಿರುಗಿದ ಗಾಳಿ,
ಈಗ ಮೇಕೆಹಿಕ್ಕೆ, ಸೌದೆಹೊಗೆ, ಯಾರದೋ ಬಾಣಲೆಯ ಬೆಳ್ಳುಳ್ಳಿ.
ಗುಲ್ವೆನ್‌ನನ್ನು ಎಬ್ಬಿಸಿದೆ.
ನನ್ನ ಪಾಳಿ ಇನ್ನೂ ಮುಗಿದಿರಲಿಲ್ಲ,
ಆದರೂ ಎಬ್ಬಿಸಿದೆ.

ಕತ್ತಲಲ್ಲಿ ಹವಳದ ದಿಬ್ಬದ ಬಾಗಿಲು ಹುಡುಕಬಾರದು,
ನೂರು ಸಲ ಒಬ್ಬರಿಗೊಬ್ಬರು ಹೇಳಿಕೊಂಡ ಮಾತು.
ಹಾಯಿ ಇಳಿಸಿ, ಚುಕ್ಕಾಣಿ ಕಟ್ಟಿ
ಬೆಳಗಾಗುವವರೆಗೆ ಹೊರಗೇ ತೂಗಿಕೊಂಡಿದ್ದೆವು,
ಹೊತ್ತಲ್ಲದ ಹೊತ್ತಲ್ಲಿ ಬಂದು
ಬಾಗಿಲು ತಟ್ಟಲು ನಾಚುವ ನೆಂಟರ ಹಾಗೆ.
ದಡದಲ್ಲಿ ಒಂದು ನಾಯಿ ಬೊಗಳಿತು.
ಒಂದು ಬೈಕು ಏರು ಹತ್ತಲಾರದೆ ಗೊಣಗಿತು.
ನೆಲ, ನೆಲ ಎಂದು ಹಲುಬಿದವಳು ನಾನೇ;
ಆ ರಾತ್ರಿ ಬೆಳಗಾಗದಿದ್ದರೂ ನಡೆದೀತು ಅನ್ನಿಸಿದ್ದನ್ನು
ಅವನಿಗೆ ಹೇಳಲಿಲ್ಲ.

ಪೋರ್ಟ್ ಮಥುರಿನ್. ಸಿಮೆಂಟಿನ ಕಟ್ಟೆ. ಹಳೆಯ ಟೈರುಗಳು.
ನಾವೆಸೆದ ಹಗ್ಗ ಹಿಡಿದ ಹುಡುಗನಿಗೆ ಒಂದೇ ಕಾಲಲ್ಲಿ ಚಪ್ಪಲಿ.
ಆರೋಗ್ಯ ಇಲಾಖೆಯ ಎಡ್ವಿಜ್, ಕಡತವನ್ನು ಹಲ್ಲಲ್ಲಿ ಕಚ್ಚಿ,
ಎರಡೂ ಕೈಯಲ್ಲಿ ತಂತಿ ಹಿಡಿದು ಒಳಗಿಳಿದಳು.
ದಾರಿಯಲ್ಲಿ ಯಾರಾದರೂ ತೀರಿಕೊಂಡರೇ? ಇಲ್ಲ.
ಜ್ವರ? ಇಲ್ಲ. ಇಲಿ? ಅದೂ ಇಲ್ಲ.
ಎಷ್ಟು ಜನ? ಇಬ್ಬರು.
ಹಾಸಿದ್ದ ಒಂದೇ ಹಾಸಿಗೆ ನೋಡಿ
ಮುಗುಳ್ನಕ್ಕು ಬರೆದುಕೊಂಡಳು.

ಹೇಗೆ ಹೇಳಲಿ ಇವಳಿಗೆ,
ಆ ಹಾಸಿಗೆಯಲ್ಲಿ ನಾವಿಬ್ಬರೂ ಒಟ್ಟಿಗೆ ಮಲಗೇ ಇಲ್ಲವೆಂದು.
ಮೂರು ಗಂಟೆ ಅವನು, ಮೂರು ಗಂಟೆ ನಾನು.
ಅವನು ಎದ್ದುಹೋದ ತಗ್ಗಿಗೆ ನಾನು ಉರುಳುತ್ತಿದ್ದೆ,
ದಿಂಬಿನಲ್ಲಿ ಅವನ ತಲೆಯ ಬಿಸಿ ಇನ್ನೂ ಆರಿರುತ್ತಿರಲಿಲ್ಲ.
ಮೆಟ್ಟಿಲಲ್ಲಿ ಎದುರಾದಾಗ ಆಡಿದ್ದು ಇಷ್ಟೇ:
ಗಾಳಿ ಸ್ವಲ್ಪ ತಿರುಗಿದೆ.
ಹಡಗು ಯಾವುದೂ ಕಾಣಲಿಲ್ಲ.
ಚಹಾ ಫ್ಲಾಸ್ಕಿನಲ್ಲಿದೆ.
ಮೂವತ್ತೊಂದು ವರ್ಷದ ಸಂಸಾರದಲ್ಲಿ
ಇಷ್ಟು ಹತ್ತಿರ, ಇಷ್ಟು ಅಪರೂಪ, ನಾವೆಂದೂ ಇದ್ದಿರಲಿಲ್ಲ.
ಜಗಳವಾಡುವುದಕ್ಕೂ ಇಬ್ಬರೂ ಎಚ್ಚರವಿರಬೇಕಲ್ಲ.

ಕಟ್ಟೆಗೆ ಕಾಲಿಟ್ಟೆ. ಕಟ್ಟೆ ವಾಲಿತು.
ಎಡ್ವಿಜ್ ಮೊಣಕೈ ಹಿಡಿದಳು:
'ಎಲ್ಲರಿಗೂ ಹೀಗೇ. ಮೂರು ದಿನ ಬೇಕು, ಆಮೇಲೆ ನೆಲ ನಿಲ್ಲುತ್ತೆ.
ಗುರುವಾರ ಮಾರಿಷಸ್ಸಿನ ಸರಕಿನ ಹಡಗು ಬರುತ್ತೆ,
ಅಷ್ಟರಲ್ಲಿ ಜಾಗ ಬಿಟ್ಟುಬಿಡಿ.'
ಅವತ್ತು ಸೋಮವಾರ.

ರಸ್ತೆಯಂಚಿನ ಗಳುವಿನ ಮೇಲೆ ಆಕ್ಟೋಪಸ್‌ಗಳು ಒಣಗುತ್ತಿದ್ದವು,
ಯಾರೋ ಒಗೆದು ಹರವಿದ ಕೈಗವಸುಗಳಂತೆ.
ಬ್ರೆಡ್ಡಿನಂಗಡಿಯಲ್ಲಿ ಗುಲ್ವೆನ್ ಬಾಯಿ ತೆರೆದವನು
ಮುಚ್ಚಲೇ ಇಲ್ಲ.
ಬ್ರೆಡ್ಡು ಆರಿತು, ಸಾಲು ಬೆಳೆಯಿತು,
ಅಂಗಡಿಯ ಮುದುಕಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.
ಅವನು ಹೇಳಿದ್ದರಲ್ಲಿ ಅರ್ಧ ನಾನೂ ಕೇಳುತ್ತಿದ್ದದ್ದು ಮೊದಲ ಸಲ:
ಹನ್ನೊಂದನೆಯ ರಾತ್ರಿ, ನಾನು ನಿದ್ದೆಯಲ್ಲಿದ್ದಾಗ,
ದೋಣಿಯ ಪಕ್ಕದಲ್ಲೇ ತಿಮಿಂಗಿಲವೊಂದು ಮೇಲೆದ್ದು
ನಿಟ್ಟುಸಿರು ಬಿಟ್ಟಿತಂತೆ. ಮೀನು ಕೊಳೆತ ನಾತವಂತೆ.
ಎಬ್ಬಿಸೋಣ ಎಂದು ಒಳಗೆ ಬಗ್ಗಿದನಂತೆ.
ಬಾಯಿ ಬಿಟ್ಟುಕೊಂಡು ಮಲಗಿದ್ದೆನಂತೆ ನಾನು.
ಎಬ್ಬಿಸಲಿಲ್ಲವಂತೆ.

ರಾತ್ರಿ ಇಬ್ಬರೂ ಒಟ್ಟಿಗೆ ದೀಪ ಆರಿಸಿದೆವು.
ಹಾಸಿಗೆ ಇಷ್ಟು ಕಿರಿದೆಂದು ಇಬ್ಬರಿಗೂ ಮರೆತೇಹೋಗಿತ್ತು;
ಮೊಣಕೈಗೆ ಜಾಗವಿಲ್ಲ, ಕಾಲು ಯಾರದೆಂದು ತಿಳಿಯದು.
ಟೈರಿಗೆ ಉಜ್ಜಿ ಉಜ್ಜಿ ದೋಣಿ ನರಳಿತು.
ಎರಡು ಗಂಟೆಗೆ ಸರಿಯಾಗಿ ಎದ್ದು ಕೂತ ಅವನು,
ಕತ್ತಲಲ್ಲೇ ಜಾಕೆಟ್ಟು ತಡಕಿ ತೊಟ್ಟ,
ಮೆಟ್ಟಿಲಿಗೆ ಒಂದು ಕಾಲಿಟ್ಟ.
ದಡದಲ್ಲಿ ಅದೇ ನಾಯಿ ಬೊಗಳಿತು.
'ಮಲಗು,' ಅಂದೆ, 'ಇವತ್ತು ಪಾಳಿ ಅದರದ್ದು.'
ಸ್ವಲ್ಪ ಹೊತ್ತು ಹಾಗೇ ನಿಂತಿದ್ದು
ಜಾಕೆಟ್ಟು ಬಿಚ್ಚದೆಯೇ ಬಂದು ಒರಗಿದ.