ಕಳ್ಳನೂ ಕೆಮ್ಮಿ ಬರುತ್ತಾನೆ

ಹನ್ನೊಂದು ವರ್ಷ ನಿನ್ನ ಬರವನ್ನು
ಕಿವಿಯಲ್ಲೇ ಕಂಡವಳು ನಾನು, ಓಡೆರಾ.
ಕೊಂಡೆಲೆಯ ಸರ್ಕಲ್ಲು ದಾಟಿದ್ದೇ ಒಮ್ಮೆ ಕೆಮ್ಮಿ
ಚರ್ಚಿನ ತಿರುವಲ್ಲಿ ಗಂಟಲು ಸರಿಮಾಡಿಕೊಂಡು
ಬರುತ್ತಿತ್ತಲ್ಲ ನಿನ್ನ ಬಾಡಿಗೆ ಬೈಕು,
ಅಷ್ಟರಲ್ಲಿ ಚಹಾ ಒಲೆಯ ಮೇಲಿರುತ್ತಿತ್ತು.
ನಾಯಿ ಎದ್ದು ಮೈ ಕೊಡವುತ್ತಿತ್ತು.
ಸಾಲ ಕೇಳಲು ಬಂದು ಕೂತ ನಿನ್ನ ಭಾವಮೈದ
ಕಾಲು ಮಡಚಿ ನೆಟ್ಟಗಾಗುತ್ತಿದ್ದ.

ನಿನ್ನೆ ನೀನು ಬಂದದ್ದೇ ತಿಳಿಯಲಿಲ್ಲ.
ಒಮೇನಾ ಮೀನು ಹಸನು ಮಾಡುತ್ತಿದ್ದೆ,
ತಲೆ ಎತ್ತಿದರೆ ಎದುರಿಗೆ ನೀನು,
ಹೆಲ್ಮೆಟ್ಟಿನೊಳಗೇ ನಗುತ್ತ.
ಬೋಗುಣಿ ಕೈಜಾರಿತು. ಬೈದೆ:
ಕಳ್ಳನೂ ಕೆಮ್ಮಿ ಬರುತ್ತಾನೆ ಮಾರಾಯ!

ಬ್ಯಾಟರಿಯಂತೆ. ಹಳದಿ ಡಬ್ಬಿ,
ಎತ್ತಿದರೆ ನಡೆಯಲು ಕಲಿತ ಮಗುವಿನಷ್ಟು ಭಾರ.
ಮುಗಿದರೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಟ್ಟು
ತುಂಬಿದ್ದನ್ನು ತರುವುದಂತೆ, ಸೋಡಾ ಬಾಟಲಿಯ ಹಾಗೆ.
ದಿನಕ್ಕೆ ಇಷ್ಟು ಉಳಿತಾಯ, ವಾರಕ್ಕೆ ಇಷ್ಟು,
ಹನಿ ಹನಿ ಕೂಡಿದರೆ... ನೀನು ಲೆಕ್ಕ ಹೇಳುತ್ತಿದ್ದೆ.
ನನಗೆ ಬೇರೆ ಹನಿಗಳ ನೆನಪು:
ಎಷ್ಟು ಉಜ್ಜಿದರೂ ಬಿಡದ ಪ್ಯಾಂಟಿನ ಆಯಿಲ್ ಕಲೆ,
ರಾತ್ರಿ ನೀನು ಮೂಗು ಸೀನಿದ ಬಟ್ಟೆಯಲ್ಲಿ
ಕಣ್ಣಿಗೆ ಹಚ್ಚುವಷ್ಟು ಕಾಡಿಗೆ.

ಸರೋವರ ಏರಿ ಬಂದ ವರ್ಷ
ತಂಗಿಯ ಹೊಸ್ತಿಲು ಕೇಳದೆ ನೀರು ಒಳಹೊಕ್ಕಿತು.
ಮಂಚದ ಕೆಳಗೆ ಮೀನು. ಮಕ್ಕಳಿಗೆ ಹಬ್ಬ.
ಹೊಗೆಯಿಂದ ಹೀಗಾಗುತ್ತಿದೆ ಎಂದ ರೇಡಿಯೋದವನು.
ಯಾರ ಹೊಗೆ? ಎಂದಳು ತಂಗಿ.
ನೀನು ಮಾತಾಡದೆ ಅಂಗಳದ ಬೈಕಿನತ್ತ ನೋಡಿದೆ.
ಹುಚ್ಚಪ್ಪ, ನಿನ್ನೊಬ್ಬನದೇ?
ನಮ್ಮ ಕೆರೆಯ ದೊಡ್ಡ ಮೀನನ್ನು
ವಿಮಾನದಲ್ಲಿ ತರಿಸಿಕೊಂಡು ತಿನ್ನುವವರು
ತಟ್ಟೆಯಿಂದ ತಲೆ ಎತ್ತಿದರೋ ಇಲ್ಲವೋ ನಾನು ಕಾಣೆ.
ನೀನು ಎತ್ತಿದೆ.
ಅದು ನನಗೆ ಸಿಟ್ಟೂ ಹೌದು, ಹೆಮ್ಮೆಯೂ ಹೌದು.

ಈಗ ಸಂಜೆಯ ಕಿವಿ ಖಾಲಿ.
ಖಾಲಿಯಾದ್ದಕ್ಕೇ ಏನೇನೋ ಬಂದು ತುಂಬುತ್ತಿವೆ:
ಚರಂಡಿಯ ಕಪ್ಪೆ, ಪಕ್ಕದ ಮನೆಯ ಅಕಿನ್ಯಿ
ಮಗುವಿಗೆ ಹೇಳುವ ಸುಳ್ಳುಗಳು,
ಬಲು ದೂರದಲ್ಲಿ, ಗಾಳಿ ಈ ಕಡೆ ತಿರುಗಿದರೆ, ನೀರು.
ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು?

ಆದರೂ ಒಂದು ಮಾತು.
ಚಹಾ ಬಿಸಿ ಬೇಕಿದ್ದರೆ ಚರ್ಚಿನ ತಿರುವಲ್ಲಿ ಶಿಳ್ಳೆ ಹಾಕು.
ಹಾಕಿದೆ ಇವತ್ತು. ನಿನಗೆ ಶಿಳ್ಳೆ ಬರುವುದಿಲ್ಲ,
ಬರೀ ಗಾಳಿ, ಸ್ವಲ್ಪ ಉಗುಳು.
ನಾಯಿ ಏಳಲಿಲ್ಲ.
ಒಂದು ಕಿವಿ ಮಾತ್ರ ಎತ್ತಿತು.