ಇದು ನೀವೇನಾ?

ಕಿಸುಮು ಬಸ್ ನಿಲ್ದಾಣದ ಬೆನ್ನಿಗೆ ನನ್ನ ಅಂಗಡಿ:
ಒಂದು ಮೇಜು, ಒಂದು ಕೊಡೆ, ಒಡೆದ ಗಾಜುಗಳ ಡಬ್ಬ,
ಮೇಜಿನ ಕಾಲಿಗೆ ಮೊಳೆ ಹೊಡೆದ ನಗರಸಭೆಯ ಪರವಾನಗಿ,
ಅದರಲ್ಲಿ ನನ್ನ ಮುಖ.

ಸೋಮವಾರ ಅಪೊಂಡಿ ಬಂದಳು,
ಬೆರಳ ತುಂಬ ಒಣ ಒಮೆನಾ ಮೀನಿನ ಬೆಳ್ಳಿ ಪುಡಿ.
"ಒಕುಂಬೆ, ಇದು ನನ್ನನ್ನ ಮತ್ತೆ ಹೊರಗೆ ದಬ್ಬಿತು ನೋಡು.
ನಂದೇ ಮನೆ, ನಂದೇ ಬೀಗ,
ದಿನಾ ನಾನೇ ಕದ ತಟ್ಟಬೇಕು."

ನೋಡಿದೆ. ಗಡಿಯಾರ ಸರಿ, ತಾರೀಕು ಸರಿ.
ಆ್ಯಪು ಹಳತಾಗಿತ್ತು, ಹೊಸದು ಹಾಕಿದೆ.
ಒಳಗೆ ಕೂತ ಕಸವನ್ನೆಲ್ಲ ಗುಡಿಸಿದೆ.
ಪಾಸ್‌ವರ್ಡ್ ಬದಲಿಸು ಅಂದೆ; ಬದಲಿಸಿದಳು,
ನನಗೆ ಬೆನ್ನು ತಿರುಗಿಸಿ,
ತುಟಿಯಲ್ಲೇ ಅಕ್ಷರ ಎಣಿಸುತ್ತ.
ಐವತ್ತು ಶಿಲಿಂಗ್ ಕೊಟ್ಟು ಹೋದಳು.

ಮಂಗಳವಾರ ಬಂದಳು.

ಬುಧವಾರ ಬಂದವಳು ಮಾತೇ ಆಡಲಿಲ್ಲ,
ತಕ್ಕಡಿಗೆ ಮೀನು ಸುರಿದಂತೆ
ಫೋನನ್ನು ಮೇಜಿಗೆ ಸುರಿದಳು.
ನಕುರುವಿನ ಹೋಟೆಲಿನವನು ಇಪ್ಪತ್ತು ಕಿಲೋ ಕೇಳಿದ್ದನಂತೆ,
ಇವಳು ಒಳಗೆ ಹೋಗುವಷ್ಟರಲ್ಲಿ
ಬೇರೆ ಕಡೆ ಕೊಂಡನಂತೆ.
"ಒಣಗಿದ ಮೀನು ಕಾಯುತ್ತೆ, ಗಿರಾಕಿ ಕಾಯಲ್ಲ."

ಅನುಮಾನ ಪಕ್ಕದ ಮಳಿಗೆಯ ಅಡೇರಾಳ ಮೇಲೆ.
ಮೊನ್ನೆ ಸುಮ್ಮಸುಮ್ಮನೆ ನಕ್ಕಳಂತೆ.
ಒಂಬತ್ತು ವರ್ಷ ಒಂದೇ ಡಬ್ಬದ ಉಪ್ಪು ತಿಂದವರು;
ಈಗ ಇವಳು ಉಪ್ಪಿಗೆ ರಸ್ತೆ ದಾಟಿ ಹೋಗುತ್ತಾಳೆ.

ನಾನೋ, ಸೋಲೊಪ್ಪದ ಜಾತಿ.
"ಹೊರಗೆ ಬಿದ್ದಾಗಲೆಲ್ಲ ಹೊತ್ತು ಬರೆದಿಡು" ಅಂದೆ.
ಶನಿವಾರ ತಂದಳು, ಹಿಟ್ಟಿನ ಪೊಟ್ಟಣದ ಹಿಂಬದಿ,
ಇದ್ದಲಲ್ಲಿ ಬರೆದದ್ದು:
ಸೋಮ ನಾಲ್ಕೂ ಇಪ್ಪತ್ತು.
ಮಂಗಳ ನಾಲ್ಕೂವರೆ.
ಬುಧ ನಾಲ್ಕೂ ಇಪ್ಪತ್ತು.
ಗುರುವಾರ ಖಾಲಿ.
ಶುಕ್ರ ಮತ್ತೆ ನಾಲ್ಕೂ ಇಪ್ಪತ್ತು.

"ಗುರುವಾರ ಏನಾಯ್ತು?"
"ಏನಾಗುತ್ತೆ? ಅಡೊಯೊಗೆ ಹಲ್ಲುನೋವು.
ಸ್ಕೂಲಿಂದ ನೇರ ಆಸ್ಪತ್ರೆ, ಮನೆಗೆ ಬಂದಾಗ ಕತ್ತಲು."

ಸ್ಕ್ರೂಡ್ರೈವರ್ ಕೆಳಗಿಟ್ಟೆ.
ನಿನ್ನ ಮಗಳಿಗೆ ಹಲ್ಲು ನೋಯುವಾಗ ರಜೆ ಹಾಕುವ ಕಳ್ಳ
ಯಾವ ಸೀಮೆಯ ಕಳ್ಳ, ಅಪೊಂಡಿ?

ಖಾತೆಯ ಒಳಮನೆಗೆ ಇಳಿದು
ಯಾರು ಯಾರಿದ್ದಾರೆ ಎಂದು ನೋಡಿದೆವು.
ಇಬ್ಬರು. ಒಂದು ಈ ಫೋನು.
ಇನ್ನೊಂದು ಹಳೇ ಮಾದರಿ, ಇದೇ ಊರು.
"ಅಯ್ಯೋ ಅದು ಸತ್ತು ಎರಡು ವರ್ಷ!
ಮಗಳು ಬಣ್ಣ ತುಂಬುವ ಆಟ ಆಡ್ತಾಳೆ ಅದರಲ್ಲಿ."
ಪಾಸ್‌ವರ್ಡ್ ಬದಲಿಸಿದ ದಿನ ಅದು ಕೇಳಿತ್ತಂತೆ,
ಉಳಿದ ಫೋನುಗಳನ್ನು ಹೊರಹಾಕಲೇ ಅಂತ.
ಪಾಪ, ಯಾರನ್ನೂ ಹೊರಹಾಕುವುದು ಬೇಡ
ಅಂದಿದ್ದಳು.

ಕಂಕುಳಲ್ಲಿ ಕೂಸು, ಊರಿಗೆಲ್ಲ ಡಂಗುರ.

ಮಧ್ಯಾಹ್ನ ಕೂಸೇ ಬಂತು.
ಏಳು ವರ್ಷ, ಮುಂದಿನ ಹಲ್ಲಿಲ್ಲ,
ಸತ್ತ ಫೋನನ್ನು ಕಾಲುಚೀಲದೊಳಗೆ ಮಲಗಿಸಿ ತಂದಿದ್ದಳು.
ಹೆದರಿಸದೆ ಕೇಳಿದೆ.
ಅವಳಿಗೇನೂ ಹೆದರಿಕೆ ಇರಲಿಲ್ಲ.

"ಸ್ಕೂಲಿಂದ ಬಂದಾಗ ಅದರಲ್ಲಿ ಒಂದು ಪ್ರಶ್ನೆ ಇರುತ್ತೆ.
ಯಾರೋ ಒಳಗೆ ಬಂದಿದ್ದಾರೆ, ಇದು ನೀವೇನಾ?
ನಾನಲ್ಲವಲ್ಲ!
ಅದಕ್ಕೇ 'ನಾನಲ್ಲ' ಒತ್ತುತ್ತೀನಿ."
ಆಮೇಲೆ, ನಮ್ಮಿಬ್ಬರ ಮುಖ ನೋಡಿ,
"ಸುಳ್ಳು ಹೇಳಬೇಕಿತ್ತಾ?"

ಅಪೊಂಡಿ ಏನೂ ಅನ್ನಲಿಲ್ಲ.
ಬುಟ್ಟಿಯಿಂದ ಎರಡು ಬೊಗಸೆ ಮೀನು ಕಾಗದಕ್ಕೆ ಸುತ್ತಿ
ಅಡೇರಾಳ ಮಳಿಗೆಯತ್ತ ನಡೆದಳು,
ದಾರಿಯಲ್ಲೊಮ್ಮೆ ನಿಂತು, ಇನ್ನೊಂದು ಬೊಗಸೆ ಸೇರಿಸಿ.

ನಾನು ಹಳೇ ಫೋನನ್ನು ಖಾತೆಯಿಂದ ಬಿಡಿಸಿದೆ.
ಬಣ್ಣದ ಆಟ ಹಾಗೇ ಉಳಿಸಿದೆ.
"ನಾಳೆಯಿಂದ ಅದು ಕೇಳಲ್ವಾ?"
"ಇಲ್ಲ."
"ಯಾವತ್ತೂ?"
ಅವಳು ಫೋನನ್ನು ಕಾಲುಚೀಲಕ್ಕೆ ಹಾಕಿದಳು,
ಬೇಜಾರಿನಿಂದ ಮೇಜಿನ ಕಾಲು ಒದ್ದಳು,
ಪರವಾನಗಿ ಕಂಡಳು, ಬಗ್ಗಿದಳು.
ಫೋಟೋದಲ್ಲಿ ಮೀಸೆ ಕಪ್ಪು, ಕೆನ್ನೆ ತುಂಬಿದೆ,
ಟೈ ಕಟ್ಟಿದ್ದಾನೆ ಆ ಹುಡುಗ, ಬ್ಯಾಂಕಿಗೆ ಹೊರಟವನ ಹಾಗೆ.

ಅವಳು ಬೆರಳಿಟ್ಟು ಕೇಳಿದಳು:
"ಇದು ನೀವೇನಾ?"

ಒಂದು ಬಸ್ಸು ಹಿಂದಕ್ಕೆ ಬಂತು, ತಿರುಗಿತು, ಹೋಯಿತು.
ಆಮೇಲೆ ಹೌದು ಅಂದೆ.