ತೂತಿನಾಕಿ ಕೊಟ್ಟ ಜಬಾಬು

ಬರಕೋರಿ ಸಾಹೇಬರ. ಹೆಸರು ನಿಂಬವ್ವ ಚಳಗೇರಿ.
ವಯಸ್ಸು ನಲವತ್ತೊಂದೋ ಎರಡೋ, ಒಂದ ಹಾಕ್ರಿ.
ಊರು ಬೆಟಗೇರಿ. ಕೆಲಸ: ತೂತು ಹೊಡಿಯೂದು.

ನಗಬ್ಯಾಡ್ರಿ, ಪ್ರೆಸ್ಸಿನಾಗ ಹಂಗೊಂದು ಕೆಲಸ ಐತಿ.
ದಲಾಲಿ ಅಂಗಡಿ ಪಾವತಿ ಬುಕ್ಕು, ನಾಟಕ ಕಂಪನಿ ಟಿಕೀಟು,
ಸೈಕಲ್ ಸ್ಟ್ಯಾಂಡಿನ ಚೀಟಿ,
ಹರದರ ನೆಟ್ಟಗ ಹರೀಬೇಕಲ್ಲ, ಅದಕ ನಾ.
ಕಾಲಾಗ ಪೆಡಲು, ಕೈಯಾಗ ಹಾಳಿ, ಹದಿನೆಂಟು ವರ್ಷ.
ನನ್ನ ಗೆರಿ ಎಂದೂ ಸೊಟ್ಟ ಹೋಗಿಲ್ಲ.

ಹೌದ್ರಿ, ಆ ಹಾಳಿ ನಾನ ಹೊಡದೇನಿ.
ಹುಬ್ಬಳ್ಳಿಯಿಂದ ಒಬ್ಬಂವ ಬಂದಿದ್ದ,
ಚಾ ಕುಡೀಲಿಲ್ಲ, ಕುರ್ಚಿ ಕೊಟ್ರ ಕೂಡಲಿಲ್ಲ.
ಅಂವ ಹೋದ ಮ್ಯಾಲೆ ಮಾಲಕರು ಬಾಗಿಲಾ ಅರ್ಧಾ ಮುಚ್ಚಿದ್ರು.
ಹಾಳಿ ಬಿಚ್ಚಿದ್ರ, ಇಪ್ಪತ್ತು ಮನಿ, ಇಪ್ಪತ್ತರಾಗೂ ಒಬ್ಬಾಕಿ:
ಹಳದಿ ಕುಪ್ಪಸ, ನೀಲಿ ಅರಿವಿ, ತಲಿಗೆ ಬಿಳೀ ವಸ್ತ್ರ,
ಕಿಟಕಿ ಬಾಜೂಕ ನಿಂತು ಹಾಲು ಸುರವತಾಳ.
ಮಣಿಕಟ್ಟಿನ ತನಕ ತೋಳು ಕೆಂಪಗ, ಅದರ ಮ್ಯಾಲ ಬೆಳ್ಳಗ.
ಎರಡು ಬೊಟ್ಟಿನಷ್ಟು ಚಿತ್ರದಾಗೂ ತಿಳೀತು,
ಬಿಸಲಾಗ ದುಡದ ಕೈ ಅದು.
ಮೂರು ಸಾವಿರ ಹಾಳಿ ಹೊಡದೆ. ಆಕೀ ಹಾಲು ಮುಗೀಲಿಲ್ಲ.
ನಮ್ಮನ್ಯಾಗ ಅರ್ಧಾ ಲೀಟರು ಆರು ಮಂದಿಗೆ.

ಖೋಟಾ ಅಂತ ಗೊತ್ತಿತ್ತೇನು ಅಂತೀರಿ.
ಖೋಟಾ ನೋಟಾಗಿದ್ರ ಗೊತ್ತಾಗತಿತ್ತು, ಖರೆ ನೋಟು ಕಂಡಾಕಿ ನಾ.
ಇದಕ ಖರೇದು ಯಾವದು?
ದೇಶದ ಹೆಸರು ಇಂಗ್ಲಿಷಿನ್ಯಾಗ ಇತ್ತು,
ಅಕ್ಷರಾ ಕೂಡಿಸಿ ಓದಿದೆ: ಸಾಂತಾ ಒರೀನಾ.
ಎಲ್ಲೈತ್ರಿ ಅಂದೆ. ನಡು ಸಮುದ್ರದಾಗ ಒಂದು ಗುಡ್ಡ ಅಂದ್ರು ಮಾಲಕರು.
ಮಂದಿ ಅದಾರೇನ್ರಿ ಅಂದೆ. ಹಕ್ಕಿ ಅದಾವಂತ ಅಂದ್ರು.
ಹಕ್ಕಿ ಯಾರಿಗೆ ಕಾಗದಾ ಬರೀತಾವ?
ಅವರೂ ನಕ್ರು, ನಾನೂ ನಕ್ಕೆ.
ಆ ನಗೀನೂ ಬರಕೋರಿ, ಅದೂ ತಪ್ಪಾಗಿದ್ರ.

ಒಂದು ಮಾತ್ರ ಮನಸಿಗೆ ಬರಲಿಲ್ಲ.
ಮೂಲ್ಯಾಗ ಟಪಾಲಿನ ಕರೀ ಠಸ್ಸೆ ಮೊದಲ ಅಚ್ಚಾಗಿತ್ತು.
ಹಿಂದ ಅಂಟು ಹಂಗ ಐತಿ, ಯಾರ ನಾಲಿಗೀನೂ ಹತ್ತಿಲ್ಲ,
ಮುಂದ ನೋಡಿದ್ರ ಊರೂರು ತಿರುಗಿ ದಣದ ಮಾರಿ.
ಅಡಿಗಿ ಆಗೂಕಿಂತ ಮೊದಲ ಎಂಜಲಾ ಬಳದಿಟ್ಟ ತಾಟು.

ಮಾಲಕರ ವಕೀಲರು ಹೇಳ್ಯಾರಂತ:
ಚಿತ್ರಾ ಅಚ್ಚು ಹಾಕಿದ್ದು ಏನೂ ಅಲ್ಲ,
ಕ್ಯಾಲೆಂಡರಿನ್ಯಾಗ ಎಲ್ಲಾರೂ ಹಾಕತಾರ,
ತೂತು ಬಿದ್ದ ಮ್ಯಾಲೇನ ಅದು ಸ್ಟ್ಯಾಂಪು.
ರಾತ್ರಿ ಮಲಕೊಂಡು ಇದನ್ನ ವಿಚಾರ ಮಾಡಿದೆ.
ಚಿತ್ರಾ ಯಾರೋ ಬರದದ್ದು, ಶಾಯಿ ಮಾಲಕರದು,
ರೊಕ್ಕಾ ಹುಬ್ಬಳ್ಳಿ ಅವಂದು.
ಏನೂ ಇಲ್ಲದ ಜಾಗಾ ಇತ್ತಲ್ಲ, ಅಷ್ಟ ನಂದು.
ಗುನ್ಹೆ ಎಲ್ಲಾ ಅದರಾಗ ತುಂಬೇತಿ ಅಂತೀರೇನು?

ಹಾಳಿ ಒಯ್ದ್ರಿ, ಪ್ಲೇಟು ಒಯ್ದ್ರಿ,
ಮಶೀನಿಗೆ ಅರಗು ಒತ್ತಿದ್ರಿ.
ತೂತು ಬಿಟ್ಟ ಬಂದ್ರಿ ಸಾಹೇಬರ.
ಹೊಡದಾಗ ಕೆಳಗ ಉದರತೈತಲ್ಲ ಹೊಟ್ಟು,
ಸಾಸಿವಿಗಿಂತ ಸಣ್ಣದು, ಅದು ನಮ್ಮನ್ಯಾಗ ಐತಿ.
ನಡುವಿನ ಖಾಲಿ ಪಟ್ಟೀದು, ಅದಕ ಎಲ್ಲಾ ಬಿಳೀದ.
ಒಂದು ಹಾಳಿ ಸರದಿತ್ತು, ಅದರವು ನಾಕು ನೀಲಿ.
ಸಂಜೀಕ ಬುಟ್ಟಿ ಬೊಗ್ಗಿಸಿ ಚೀಲಕ್ಕ ಸುರವತಿದ್ದೆ,
ಸಪ್ಪಳಿಲ್ಲದ ಒಂದು ಧಾರಿ.
ನನ್ನ ತಮ್ಮನ ಮಗಳು ಬಾಣಂತನಕ್ಕ ಬಂದಾಳ,
ಕೂಸಿಗೆ ಅದರದ ದಿಂಬು ಹೊಲದೇನಿ.
ಜಪ್ತಿ ಮಾಡೂದಿದ್ರ ಕೂಸು ಎದ್ದ ಮ್ಯಾಲೆ ಬರ್ರಿ.

ಹೆಬ್ಬಟ್ಟು ಬ್ಯಾಡ್ರಿ, ಸಹಿ ಬರತೈತಿ. ಪೆನ್ನು ಕೊಡ್ರಿ.
ಇದಕ ಎಡಕ ತೂತು ಹೊಡೀತೀರಿ, ಫೈಲಿಗೆ ಕಟ್ಟಾಕ, ಹೌದಲ್ಲ?
ಆ ಮ್ಯಾಲಿನ ಕಾಗದದವು ನೋಡ್ರಿ, ಒಂದು ಆಕಾಶಕ್ಕ, ಒಂದು ಪಾತಾಳಕ್ಕ.
ಕೊಡ್ರಿ ಇತ್ತಾಗ.